ನರ ಎಂದರೆ ವೈರ್ ಅಲ್ಲ, ಅಕ್ಕೋರೇ

ಕುಮಟೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೋದ ತಿಂಗಳ ಆರೋಗ್ಯ ಪುಟದಲ್ಲಿ ನಾವು "ನರವನ್ನು ಕರೆಂಟಿನ ವೈರ್ ಎಂದು ತಿಳಿಯಬೇಡಿ" ಎಂದು ಬರೆದದ್ದು ಅವರಿಗೆ ಬೇಸರ ತಂದಿದೆ. "ಮೂವತ್ತೊಂದು ವರ್ಷ ಮಕ್ಕಳಿಗೆ ಹಾಗೇ ಹೇಳಿಕೊಟ್ಟೆ. ಮಿದುಳು ಪವರ್ ಹೌಸ್, ನರ ವೈರು, ಸ್ನಾಯು ಬಲ್ಬು. ತಟ್ಟನೆ ತಿಳಿಯುತ್ತಿತ್ತು. ಈಗ ನೀವು ಸೋಡಿಯಂ, ಪೊಟ್ಯಾಸಿಯಂ ಅಂತ ಶುರು ಮಾಡಿದರೆ ಯಾರು ಓದುತ್ತಾರೆ?" ಎಂದು ಕೇಳಿದ್ದಾರೆ.

ಅಕ್ಕೋರೇ, ಮೊದಲು ನಿಮ್ಮ ಮಾತನ್ನು ಒಪ್ಪುತ್ತೇನೆ. ನರದ ಕೆಲಸ ವಿದ್ಯುತ್ತಿನದೇ. ಸತ್ತ ಕಪ್ಪೆಯ ಕಾಲಿಗೆ ಲೋಹ ತಾಗಿಸಿದರೆ ಅದು ಅದುರುವುದನ್ನು ಇಟಲಿಯ ಗ್ಯಾಲ್ವಾನಿ 1791ರಲ್ಲೇ ಬರೆದಿಟ್ಟಿದ್ದ. ಹನ್ನೆರಡು ವರ್ಷದ ಮಗುವಿಗೆ ಮೊದಲ ದಿನ ವೈರ್ ಎಂದು ಹೇಳಿದರೆ ತಪ್ಪೇನಿಲ್ಲ. ಆದರೆ ಎರಡನೇ ದಿನ ಅದನ್ನು ಬಿಡಿಸಬೇಕಿತ್ತು. ನಾವ್ಯಾರೂ ಬಿಡಿಸಲಿಲ್ಲ.

ಇದಕ್ಕೆ ನಾನು ಇಷ್ಟು ಹಟ ಹಿಡಿಯಲು ಕಾರಣ ನಮ್ಮ ಆಯಿ. ಮೂರು ವರ್ಷದ ಹಿಂದೆ, ಮೇ ತಿಂಗಳ ಸೆಕೆಯಲ್ಲಿ ನಡೆದದ್ದು. ಬಿಪಿ ಇದೆ ಎಂದು ಆಯಿ ಉಪ್ಪು ಪೂರ್ತಿ ಬಿಟ್ಟಿದ್ದಳು. ಜೊತೆಗೆ ಮೂತ್ರ ಹೋಗುವ ಮಾತ್ರೆ ಬೇರೆ. ಒಂದು ದಿನ ಬೆಳಿಗ್ಗೆ ನನ್ನನ್ನು ತನ್ನ ತಮ್ಮನ ಹೆಸರಿನಿಂದ ಕರೆದಳು. ಯಾವತ್ತೋ ಮಾರಿದ ಆಕಳನ್ನು ಬಿಚ್ಚಿ ಬಿಡು ಎಂದಳು. ವಯಸ್ಸಾಯ್ತಲ್ಲ, ಹಾಗೇ ಎಂದರು ನೆರೆಯವರು. ಆಸ್ಪತ್ರೆಗೆ ಒಯ್ದೆವು. ರಕ್ತದ ರಿಪೋರ್ಟು ನೋಡಿದ ಡಾಕ್ಟರು "ಸೋಡಿಯಂ 116" ಎಂದು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿ ಮುಂದಿನ ಮಂಚಕ್ಕೆ ಹೋದರು. ಸೋಡಿಯಂ ಎಂದರೆ ಉಪ್ಪಿನಲ್ಲಿರುವ ಅಂಶ, ಅದು ತೀರಾ ಇಳಿದಿತ್ತು. ಉಪ್ಪಿಗೂ ಆಯಿಯ ಮಾತಿಗೂ ಏನು ಸಂಬಂಧ ಎಂದು ಕೇಳಿದೆ. ಹೇಳಲು ಯಾರಿಗೂ ಪುರಸೊತ್ತಿರಲಿಲ್ಲ. ನಿಧಾನವಾಗಿ ಡ್ರಿಪ್ ಹಾಕಿದರು. ನಾಲ್ಕನೇ ದಿನ ಆಯಿ ನನ್ನ ಹೆಸರು ಹಿಡಿದು "ಊಟ ಆಯ್ತಾ?" ಎಂದು ಕೇಳಿದಳು.

ವೈರಿನ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಕೂತವನಿಗೆ ಈ ಉಪ್ಪಿನ ವಿಷಯ ಎಲ್ಲಿ ಹೊಳೆಯಬೇಕು? ವೈರಿಗೆ ಉಪ್ಪು ಯಾಕೆ ಬೇಕು? ಅವತ್ತಿನಿಂದ ಓದಲು ಹಿಡಿದೆ.

ವೈರಿನಲ್ಲಿ ಸಂಕೇತ ಸೆಕೆಂಡಿಗೆ ಲಕ್ಷ ಕಿಲೋಮೀಟರಿಗೂ ಜಾಸ್ತಿ ಓಡುತ್ತದೆ. ನರದ ವೇಗವನ್ನು ಅಳೆಯಲು ಯಾವತ್ತೂ ಆಗಲಿಕ್ಕಿಲ್ಲ ಎಂದು ಜರ್ಮನಿಯ ಜೋಹಾನೆಸ್ ಮ್ಯೂಲರ್ ನಂಬಿದ್ದ. ಅವನ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಅಳೆದೇ ಬಿಟ್ಟ. ಸೆಕೆಂಡಿಗೆ ಸುಮಾರು 27 ಮೀಟರ್, ಅಷ್ಟೇ. ಗಂಟೆಗೆ ಲೆಕ್ಕ ಹಾಕಿದರೆ ಹೆದ್ದಾರಿ 66ರಲ್ಲಿ ಹೋಗುವ ಕಾರಿನ ವೇಗ. ಹಾಗಾದರೆ ಒಳಗೆ ನಡೆಯುವುದು ವೈರಿನ ಕೆಲಸವಲ್ಲ, ಬೇರೆ ಏನೋ.

ಏನದು? ಅಕ್ಕೋರೇ, ನೀವು ಕುಮಟೆಯವರು. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಕಟ್ಟೆಯ ಆಚೆ ಭರತದ (ಉಬ್ಬರದ) ಉಪ್ಪುನೀರು ಏರಿ ನಿಂತಿರುತ್ತದೆ, ಈಚೆ ಗದ್ದೆ ತಗ್ಗಿನಲ್ಲಿರುತ್ತದೆ. ಬಾಗಿಲಿನ ಹಲಗೆ ಎತ್ತಿದರೆ ಸಾಕು, ನೀರು ತಾನಾಗಿ ನುಗ್ಗುತ್ತದೆ. ನರಕೋಶವೂ ಹೀಗೇ ಕಾದು ಕೂತಿರುತ್ತದೆ. ಅದರ ಪೊರೆಯ ಹೊರಗೆ ಸೋಡಿಯಂ ಒಳಗಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ. ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು ಮೂವತ್ತು ಪಟ್ಟು ಜಾಸ್ತಿ. ಹೊರಗಿನದಕ್ಕೆ ಹೋಲಿಸಿದರೆ ಒಳಗೆ 70 ಮಿಲಿವೋಲ್ಟಿನಷ್ಟು ಋಣ ವಿದ್ಯುತ್ತು. ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ.

ಗಜನಿಯಲ್ಲಿ ಹಲಗೆ ಎತ್ತಲು ಆಳು ಬೇಕು. ನರದಲ್ಲಿ ಬೇಡ. ಒಳಗಿನ ಋಣ ಸ್ವಲ್ಪ ಇಳಿದರೆ ಸೋಡಿಯಂ ಬಾಗಿಲು ತಾನೇ ತೆರೆಯುತ್ತದೆ. ಧನ ವಿದ್ಯುತ್ತು ಹೊತ್ತ ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಪಕ್ಕದ ಜಾಗದ ಋಣವೂ ಇಳಿಯುತ್ತದೆ, ಅಲ್ಲಿನ ಬಾಗಿಲು ತೆರೆಯುತ್ತದೆ. ಆಮೇಲೆ ಅದರ ಪಕ್ಕದ್ದು. ಹೀಗೆ ಬೆರಳ ತುದಿಯಿಂದ ಬೆನ್ನುಹುರಿಯವರೆಗೆ. ಸಂಕೇತ ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತ ಹೋಗುತ್ತದೆ. ಆದ್ದರಿಂದಲೇ ಎಷ್ಟು ದೂರ ಹೋದರೂ ಅದು ಸೊರಗುವುದಿಲ್ಲ. ಒಮ್ಮೆ ತೆರೆದು ಮುಚ್ಚಿದ ಬಾಗಿಲು ಒಂದೆರಡು ಮಿಲಿಸೆಕೆಂಡು ಮತ್ತೆ ತೆರೆಯುವುದಿಲ್ಲ, ಹಾಗಾಗಿ ಹಿಂದಕ್ಕೂ ತಿರುಗುವುದಿಲ್ಲ. ಅಷ್ಟರಲ್ಲಿ ಪೊಟ್ಯಾಸಿಯಂ ಹೊರಬಿದ್ದು ಒಳಗು ಮೊದಲಿನ ಋಣಕ್ಕೆ ಬರುತ್ತದೆ. ಒಳಬಂದ ಸೋಡಿಯಂ ಮೂರಕ್ಕೆ ಎರಡು ಪೊಟ್ಯಾಸಿಯಂ ಎಂಬ ಲೆಕ್ಕದಲ್ಲಿ ಅದಲುಬದಲು ಮಾಡುವ ಪಂಪು ಹಗಲು ರಾತ್ರಿ ನಡೆಯುತ್ತಲೇ ಇರುತ್ತದೆ. ತೂಕದಲ್ಲಿ ದೇಹದ ನೂರಕ್ಕೆ ಎರಡರಷ್ಟೇ ಇರುವ ಮಿದುಳು ನಾವು ಸುಮ್ನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಐದನೇ ಒಂದು ಪಾಲು ತಿನ್ನುತ್ತದೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ಈ ಪಂಪಿಗೇ.

ಈಗ ಆಯಿಯ ವಿಷಯಕ್ಕೆ ಬನ್ನಿ. ರಕ್ತದಲ್ಲಿ ಉಪ್ಪು ತೆಳುವಾದಾಗ ನೀರು ಮಿದುಳಿನ ಕೋಶಗಳೊಳಗೆ ಸೇರಿ ಅವು ಊದಿಕೊಳ್ಳುತ್ತವೆ. ಮಾತು ತಪ್ಪಿದ್ದು ಅದಕ್ಕೆ. ಎರಡೇ ಮಾತಿನಲ್ಲಿ ಹೇಳಬಹುದಿತ್ತು, ಅಲ್ವಾ?

ನರದ ಈ ಬಾಗಿಲಿನ ಕೆಲಸವನ್ನೆಲ್ಲ ಕಂಡುಹಿಡಿದದ್ದು ಯಾವ ಪ್ರಾಣಿಯಲ್ಲಿ ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಮಾಣಕಿಯಲ್ಲಿ! ಘಟ್ಟದ ಮೇಲಿನ ಓದುಗರಿಗೆ ಹೇಳುತ್ತೇನೆ: ಮಾಣಕಿ ಎಂದರೆ ಸ್ಕ್ವಿಡ್, ಮಂಗಳೂರು ಕಡೆಯ ಬೊಂಡಾಸ. ಮನುಷ್ಯರ ನರತಂತು ಮಿಲಿಮೀಟರಿನ ಐವತ್ತನೇ ಒಂದು ಪಾಲನ್ನು ಮೀರುವುದು ಅಪರೂಪ. ಇಂಗ್ಲೆಂಡಿನ ಕಡಲಿನ ಮಾಣಕಿಯಲ್ಲಿ ಒಂದು ತಂತು ಅರ್ಧ ಮಿಲಿಮೀಟರಿಗೂ ದಪ್ಪ. ಅದು ರಕ್ತನಾಳವಲ್ಲ, ನರ ಎಂದು 1936ರಲ್ಲಿ ತೋರಿಸಿಕೊಟ್ಟವರು ಜೆ.ಝಡ್. ಯಂಗ್. 1939ರಲ್ಲಿ ಪ್ಲಿಮತ್ತಿನಲ್ಲಿ ಹಾಜ್ಕಿನ್ ಮತ್ತು ಹಕ್ಸ್ಲಿ ಎಂಬ ವಿಜ್ಞಾನಿಗಳು ಆ ತಂತುವಿನೊಳಗೇ ಎಲೆಕ್ಟ್ರೋಡ್ ಇಳಿಸಿದರು. ಸಂಕೇತ ಬಂದಾಗ ಒಳಗಿನ ಋಣ ವಿದ್ಯುತ್ತು ಸೊನ್ನೆಗೆ ಬಂದು ನಿಲ್ಲುತ್ತದೆ ಎಂಬುದು ಆವರೆಗಿನ ತಿಳಿವಳಿಕೆ. ಅದು ಸೊನ್ನೆ ದಾಟಿ ಧನಕ್ಕೆ ಹಾರಿತು. ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಗಿ ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಅದೇ ಪ್ರಾಣಿಗೆ ಮರಳಿದರು. ಕೇಂಬ್ರಿಜ್‌ನ ಕಂಪ್ಯೂಟರ್ ಸಿಗದಿದ್ದಾಗ ಹಕ್ಸ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಈ ಸಂಕೇತದ ಪೂರ್ತಿ ಲೆಕ್ಕ ಮುಗಿಸಿದರು. 1952ರಲ್ಲಿ ಪ್ರಕಟಿಸಿದರು, 1963ರಲ್ಲಿ ನೊಬೆಲ್ ಬಂತು.

ನಾನೂ ಒಂದು ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸಿನ ಹತ್ತಿರ ಕೇಳಿಕೊಂಡೆ. ಆಕೆ ಮಾಣಕಿಯ ತಲೆ ಎಳೆದು, ಒಳಗಿನ ಗಾಜಿನಂಥ ಗರಿ ತೆಗೆದು, ಮಸಿಚೀಲ ಒಡೆಯದ ಹಾಗೆ ಹೊಟ್ಟೆ ಸೀಳಿ ಹಲಗೆಯ ಮೇಲೆ ಹರಡಿದಳು. ನೀರು ಸುರಿದು ಬಗ್ಗಿ ನೋಡಿದೆ. ಒಳಮೈಯ ಎರಡೂ ಬದಿಗೆ ಬಿಳಿ ಚುಕ್ಕೆಯಂಥ ಒಂದೊಂದು ಗಂಟು. ಅಲ್ಲಿಂದ ಬೀಸಣಿಗೆಯ ಹಾಗೆ ಬಿಳಿ ದಾರಗಳು. "ಇದೇನ್ರೀ, ದಿನಾ ಕೊಯ್ತೇನೆ, ಕೇಳಿದವರು ನೀವೇ ಮೊದಲು" ಎಂದಳು ಆಕೆ. ಇದು ನರ, ಇದರಿಂದಲೇ ಈ ಪ್ರಾಣಿ ಪಿಚಕಾರಿಯ ಹಾಗೆ ನೀರು ಚಿಮ್ಮಿ ಓಡುವುದು ಎಂದೆ. ಅವಳೂ ಬಗ್ಗಿ ನೋಡಿದಳು.

ನನ್ನ ಸಿಟ್ಟು ಇಲ್ಲಿ ಶುರುವಾಗುತ್ತದೆ. ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ಬುಟ್ಟಿಗಟ್ಟಲೆ ಮಾಣಕಿ ಇಳಿಯುತ್ತದೆ. ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವೇ ಇದೆ. ಆದರೂ ನನಗೆ ಗೊತ್ತಿರುವ ಪಿಯುಸಿ ಮಕ್ಕಳು ಒಬ್ಬರೂ ಆ ಬಿಳಿ ದಾರ ನೋಡಿಲ್ಲ. ಒಳಗಿನ ಋಣ ಇಳಿಯುವುದನ್ನು "ಡಿಪೋಲರೈಸೇಷನ್" ಎಂದು ಕಣ್ಣು ಮುಚ್ಚಿ ಒಪ್ಪಿಸುತ್ತಾರೆ. ಹಾಗೆಂದರೆ ಏನಾಯಿತು ಮಗಾ ಎಂದರೆ ನೆಲ ನೋಡುತ್ತಾರೆ. ತಪ್ಪು ಮಕ್ಕಳದ್ದಲ್ಲ. ವಿಜ್ಞಾನ ಎಂದರೆ ಬೇರೆ ಯಾರದೋ ಊರಿನದು ಎಂದು ನಾವೇ ಕಲಿಸಿದ್ದೇವೆ.

ಅಡಿಕೆ ಬೆಳೆಯುವ ಶಿರಸಿ ಕಡೆಯವರಿಗೂ ಇದೇ ಮಾತು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಂದಿಯಲ್ಲಿ ಸಾಮಾನ್ಯವಾಗಿ ವಿದ್ಯುತ್ತು ದಾಟುವುದಿಲ್ಲ, ರಸಾಯನ ದಾಟುತ್ತದೆ. 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಒಂದು ಕಪ್ಪೆಯ ಹೃದಯವನ್ನು ನರದಿಂದ ನಿಧಾನ ಮಾಡಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ಆ ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್. ಅದು ಕೀಲಿಕೈಯ ಹಾಗೆ ಕೋಶದ ಮೇಲಿನ ಒಂದು ಬೀಗಕ್ಕೆ ಹೊಂದುತ್ತದೆ. ನಮ್ಮ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಸಾಯನ ಅದೇ ಬೀಗಕ್ಕೆ ಹೊಂದುವ ಇನ್ನೊಂದು ಕೀಲಿಕೈ. ಕವಳ ಹಾಕಿದಾಗ ಬಾಯಲ್ಲಿ ನೀರೂರುವುದು, ಹಣೆ ಬೆವರುವುದು ಈ ಅರೆಕೋಲಿನ್‌ನಿಂದ. ಅಡಿಕೆಯ ದರದ ಬಗ್ಗೆ ದಿನವಿಡೀ ಮಾತಾಡುವ ನಾವು ಇದನ್ನು ಮನೆಯ ಮಕ್ಕಳಿಗೆ ಒಮ್ಮೆಯಾದರೂ ಹೇಳಿದ್ದೇವಾ?

ಯಾರು ಓದುತ್ತಾರೆ ಎಂದು ಕೇಳಿದಿರಿ. ನೀವು ಓದಿದಿರಿ, ಎರಡು ಪುಟ ಪತ್ರ ಬರೆದಿರಿ. ಮೂವತ್ತೊಂದು ವರ್ಷ ಪಾಠ ಮಾಡಿದವರಿಗೆ ಮಕ್ಕಳ ಕಣ್ಣು ಯಾವ ಮಾತಿಗೆ ಅರಳುತ್ತದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಕೇಳುತ್ತೇನೆ: ಗಜನಿಯ ಬಾಗಿಲನ್ನು ಇಟ್ಟುಕೊಂಡು ಈ ಪಾಠವನ್ನು ನೀವೇ ನಮಗೆ ಬರೆದುಕೊಡಿ. ಮಕ್ಕಳ ಪುಟದಲ್ಲಿ ಜಾಗ ಬಿಟ್ಟಿರುತ್ತೇನೆ. ಮಳೆಗಾಲದ ರಜೆ ಮುಗಿದು ಆಗಸ್ಟಿನಲ್ಲಿ ಬೋಟುಗಳು ಇಳಿದ ಮೇಲೆ ಒಂದು ದಿನ ಕಾರವಾರಕ್ಕೆ ಬನ್ನಿ. ಮೀನು ತಿನ್ನದವರಾದರೆ ನೋಡಲಿಕ್ಕಾದರೂ ಬನ್ನಿ. ಆ ಮೀನು ಮಾರುವ ಹೆಂಗಸಿಗೆ ಈಗಲೇ ಹೇಳಿಟ್ಟಿದ್ದೇನೆ.

— ಸಂಪಾದಕ