ಸೀಲ್ ಮಾಡಿದ ನಾಣ್ಯಕ್ಕೆ ಡೀಲರ್ ಹೇಳುವ ಬೆಲೆ ಎಲ್ಲಿಂದ ಬರುತ್ತೆ?

ಪ್ರಶ್ನೆ: ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಕಪಾಟಿನಲ್ಲಿ ಮೂರು ಬೆಳ್ಳಿ ರೂಪಾಯಿ ಸಿಕ್ಕವು, ಮೂರೂ ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ (ಗ್ರೇಡಿಂಗ್ ಕಂಪನಿ ನಾಣ್ಯ ಪರೀಕ್ಷಿಸಿ, ಗ್ರೇಡ್ ಬರೆದು ಮುಚ್ಚುವ ಗಟ್ಟಿ ಪೆಟ್ಟಿಗೆ) ಸೀಲ್ ಆಗಿವೆ. 1862ರ ವಿಕ್ಟೋರಿಯಾ ಎಂಎಸ್ 62 (ಎಂಎಸ್ ಅಂದರೆ ಚಲಾವಣೆ ಆಗದ್ದು), 1911ರ ಐದನೇ ಜಾರ್ಜ್ ಎಯು 58 (ಎಯು ಅಂದರೆ ಒಂಚೂರೇ ಸವೆದದ್ದು), 1918ರದ್ದು ಎಂಎಸ್ 63. ಮಂಗಳೂರಿನ ಡೀಲರ್ ಒಬ್ಬರು ನೆಟ್‌ನಲ್ಲಿರುವ ದರಪಟ್ಟಿಗಿಂತ ತುಂಬಾ ಕಡಿಮೆ ಹೇಳಿದರು. ಮೋಸವಾ ಸರ್? ಅಮೆರಿಕದಲ್ಲಿರುವ ತಮ್ಮನಿಗೆ ಕಳಿಸಿ ಅಲ್ಲೇ ಮಾರಿಸಲಾ?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಮೊದಲು ತಮ್ಮನ ವಿಷಯ. ದಯವಿಟ್ಟು ಕಳಿಸಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ನಿಮ್ಮ ಮೂರೂ ಆ ಲೆಕ್ಕಕ್ಕೆ ಬರುತ್ತವೆ. ಇಲ್ಲೇ ಮಾರಬೇಕು.

ಇನ್ನು ಮೋಸದ ಪ್ರಶ್ನೆ. ಬೆಲೆ ಕಡಿಮೆ ಹೇಳಿದರು ಅಂದ ಮಾತ್ರಕ್ಕೆ ಮೋಸ ಅಲ್ಲ. ನೀವು ನೋಡಿದ ದರಪಟ್ಟಿ ಗಿರಾಕಿ ಅಂಗಡಿಯಲ್ಲಿ ಕೊಡಬಹುದಾದ ಬೆಲೆಯ ಅಂದಾಜು, ಅಷ್ಟೇ. ಡೀಲರ್ ಲೆಕ್ಕ ಹಾಕುವುದು ಹಿಂದಿನಿಂದ: ಇದನ್ನು ನಾನು ಯಾರಿಗೆ, ಎಷ್ಟಕ್ಕೆ, ಎಷ್ಟು ದಿನದಲ್ಲಿ ಮಾರುತ್ತೇನೆ? ಅದರಲ್ಲಿ ತನ್ನ ಲಾಭ, ತೆರಿಗೆ, ಹರಾಜಿಗೆ ಹಾಕಿದರೆ ಅಲ್ಲಿನ ಕಮಿಷನ್, ದುಡ್ಡು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುವ ನಷ್ಟ ಎಲ್ಲ ಕಳೆದು ಉಳಿದದ್ದು ನಿಮಗೆ. ಗಿರಾಕಿ ಈಗಾಗಲೇ ಫೋನ್ ಮಾಡಿ ಕೇಳುತ್ತಿದ್ದರೆ ಜಾಸ್ತಿ ಕೊಡುತ್ತಾರೆ. ಇಲ್ಲದಿದ್ದರೆ ಬೆಂಗಳೂರಿನ ಪ್ರದರ್ಶನಕ್ಕೆ ಒಯ್ಯುವ ತನಕ ಅದು ಅವರ ತಿಜೋರಿಯಲ್ಲೇ ಕೂತಿರುತ್ತದೆ. ಹರಾಜಿನಲ್ಲಿ 10,000ಕ್ಕೆ ಹೋಗುವ ನಾಣ್ಯಕ್ಕೆ ಕೈಯಲ್ಲಿ 7,000 ಕೊಟ್ಟರೆ ಅದನ್ನು ನಾನು ನ್ಯಾಯವಾದ ಮಾತು ಅನ್ನುತ್ತೇನೆ. 4,000 ಅಂದರೆ ಎದ್ದು ಬನ್ನಿ.

ಎಲ್ಲದಕ್ಕೂ ತಳದಲ್ಲಿ ಬೆಳ್ಳಿಯ ಬೆಲೆ ಇದೆ. ಆ ಕಾಲದ ರೂಪಾಯಿ 11.66 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಇವತ್ತಿನ ರೇಟಿಗೆ ಗುಣಿಸಿ ನೋಡಿ, ಅದಕ್ಕಿಂತ ಕೆಳಗೆ ಯಾರಿಗೂ ಕೊಡಬೇಡಿ. 1918ರ ರೂಪಾಯಿಯನ್ನು ಕೋಟಿಗಟ್ಟಲೆ ಟಂಕಿಸಿದ್ದರು, ಈಗಲೂ ಧಾರಾಳ ಸಿಗುತ್ತೆ. ಎಂಎಸ್ 63 ಅಂತ ಸ್ವಲ್ಪ ಜಾಸ್ತಿ ಬರಬಹುದು, ಅಷ್ಟೇ.

1862ರದ್ದು ಸ್ವಾರಸ್ಯದ ನಾಣ್ಯ. ಇಸವಿ ಬದಲಾಯಿಸದೆ ವರ್ಷಗಟ್ಟಲೆ ಅದೇ 1862 ಅಂತ ಹೊಡೆದರು, ಹಾಗಾಗಿ ಹಳೇದು ಅಂದ ತಕ್ಷಣ ಅಪರೂಪ ಅಲ್ಲ. ಆದರೆ ಇಸವಿಯ ಹತ್ತಿರ ಸಣ್ಣ ಚುಕ್ಕೆಗಳಿರುತ್ತವೆ, ಅವುಗಳ ಲೆಕ್ಕದ ಮೇಲೆ ಬೇರೆ ಬೇರೆ ಬಗೆ, ಕೆಲವು ಬಗೆಗೆ ಬೇಡಿಕೆ ಜಾಸ್ತಿ. ಲೆನ್ಸ್ ಹಿಡಿದು ಎಣಿಸಿ. ಆಮೇಲೆ ಟೇಬಲ್ ಲ್ಯಾಂಪ್ ಕೆಳಗೆ ಸ್ಲ್ಯಾಬನ್ನು ನಿಧಾನವಾಗಿ ವಾಲಿಸಿ ನೋಡಿ. ಹೊಳಪು ಚಕ್ರದ ಕಡ್ಡಿಗಳ ಹಾಗೆ ನಾಣ್ಯದ ಮೇಲೆ ಸುತ್ತಬೇಕು. ರಾಣಿಯ ಕೆನ್ನೆ ಮೇಲೆ ಗೀರುಗಳಿವೆಯಾ, ಬೆಳ್ಳಿ ಸಮವಾಗಿ ಬಣ್ಣ ತಿರುಗಿದೆಯಾ? ಡೀಲರ್ ನೋಡುವುದು ಇದನ್ನೇ. 62 ಅನ್ನುವ ಒಂದೇ ನಂಬರಿನ ಎರಡು ನಾಣ್ಯಕ್ಕೆ ಎರಡು ಬೆಲೆ ಬರುವುದು ಇಲ್ಲೇ. ಗ್ರೇಡ್ 1ರಿಂದ 70ರ ತನಕ ಇರುತ್ತೆ, 60 ಮತ್ತು ಅದರ ಮೇಲಿನದು ಚಲಾವಣೆ ಆಗದ್ದು. ಆದರೂ ಒಂಚೂರೇ ಸವೆದ 58, ಗೀರು ತುಂಬಿದ 61ಕ್ಕಿಂತ ಎಷ್ಟೋ ಸಲ ಚೆಂದ ಕಾಣುತ್ತೆ.

ಅದಕ್ಕೇ ನಿಮ್ಮ 1911ರದ್ದು ನನಗೆ ಇಷ್ಟ. ರಾಜನ ನಿಲುವಂಗಿ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತೆ ಅಂತ ಜನ ಸಿಟ್ಟಾದರು, ಬಹುಪಾಲು ವಾಪಸ್ ಹೋಯಿತು, ಮುಂದಿನ ವರ್ಷದಿಂದ ಚಿತ್ರ ತಿದ್ದಿದರು. ಹಾಗಾಗಿ ಒಂದೇ ವರ್ಷದ ಚಿತ್ರ ಅದು, ಸಂಗ್ರಹ ಮಾಡುವ ಎಲ್ಲರಿಗೂ ಬೇಕು. ಡೀಲರ್ ಮೂರನ್ನೂ ಸೇರಿಸಿ ಒಂದೇ ಮೊತ್ತ ಹೇಳಿದ್ದರೆ ಒಪ್ಪಬೇಡಿ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಬಿಡಿಸಿ ಹೇಳಲು ಕೇಳಿ. ಒಳ್ಳೇ ನಾಣ್ಯ ಸಾಮಾನ್ಯದ್ದರ ಜೊತೆ ಮುಚ್ಚಿಹೋಗುವುದು ಹೀಗೇ.

ಹೋಗುವ ಮುಂಚೆ ಲೇಬಲ್ ಮೇಲಿನ ಸರ್ಟಿಫಿಕೇಟ್ ನಂಬರನ್ನು ಸೀಲ್ ಮಾಡಿದ ಗ್ರೇಡಿಂಗ್ ಕಂಪನಿಯ (ಪಿಸಿಜಿಎಸ್ ಅಥವಾ ಎನ್‌ಜಿಸಿ) ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಕಲಿ ಸ್ಲ್ಯಾಬ್‌ಗಳೂ ಓಡಾಡುತ್ತಿವೆ, ಅಸಲಿ ನಂಬರನ್ನೇ ಕದ್ದು ಅಚ್ಚು ಹಾಕಿರುತ್ತಾರೆ, ಅಲ್ಲಿ ಫೋಟೋ ಇದ್ದರೆ ಪಕ್ಕ ಪಕ್ಕ ಇಟ್ಟು ಹೋಲಿಸಿ. ಅದೇ ಇಸವಿ, ಅದೇ ಗ್ರೇಡಿನ ನಾಣ್ಯ ಇತ್ತೀಚಿನ ಭಾರತದ ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತಲೂ ಹುಡುಕಿ. ಅದನ್ನು ಕೈಯಲ್ಲಿ ಹಿಡಿದು ಇಬ್ಬರು ಡೀಲರ್ ಹತ್ತಿರ ಹೋಗಿ.

ಒಂದು ಕಾಳಜಿ ಮಾತ್ರ. ಕಪ್ಪಾಗಿದೆ ಅಂತ ಸ್ಲ್ಯಾಬ್ ಒಡೆದು, ಹಬ್ಬದ ದಿನ ಬೆಳ್ಳಿ ದೀಪಕ್ಕೆ ಮಾಡುವ ಹಾಗೆ ವಿಭೂತಿ ಹಾಕಿ ಉಜ್ಜಬೇಡಿ. ಉಜ್ಜಿದ ನಾಣ್ಯಕ್ಕೆ ಮತ್ತೆ ನಂಬರ್ ಸಿಗುವುದಿಲ್ಲ, ಕ್ಲೀನ್ ಮಾಡಿದ್ದು ಅಂತ ಬರೆದು ಕಳಿಸುತ್ತಾರೆ, ಬೆಲೆ ಕುಸಿಯುತ್ತೆ. ಸ್ಲ್ಯಾಬ್ ಗಾಳಿಯಾಡದ ಡಬ್ಬಿಯೂ ಅಲ್ಲ. ನಮ್ಮ ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಇಡಿ. 1918ರದ್ದನ್ನು ಬೇಕಾದರೆ ನಾಳೆಯೇ ಮಾರಿ, 1911ರದ್ದಕ್ಕೆ ಅವಸರ ಬೇಡ.