ಮೊಟ್ಟೆಯ ಚಿಪ್ಪಿಗೆ ಸಂಜೆಯ ಸುಣ್ಣ

ಪ್ರಶ್ನೆ: ನಮ್ಮಲ್ಲಿ ಒಂದೂವರೆ ವರ್ಷ ತುಂಬಿದ ಎಂಬತ್ತು ಮೊಟ್ಟೆ ಕೋಳಿಗಳಿವೆ. ಬೇಸಿಗೆ ಶುರುವಾದ ಮೇಲೆ ಚಿಪ್ಪು ತೆಳುವಾಗಿ, ಟ್ರೇಗೆ ಜೋಡಿಸುವಾಗಲೇ ಮೊಟ್ಟೆ ಒಡೆಯುತ್ತಿದೆ, ಭಂಡಾರವೂ (ಮೊಟ್ಟೆಯೊಳಗಿನ ಹಳದಿ ಭಾಗ) ಬಿಳಿಚಿಕೊಂಡಿದೆ. ದಿನವೂ ಬೆಳಿಗ್ಗೆ ನೀರಿಗೆ ಕ್ಯಾಲ್ಸಿಯಂ ದ್ರಾವಣ ಬೆರೆಸುತ್ತಿದ್ದೇವೆ. ಪ್ರಮಾಣ ಹೆಚ್ಚಿಸಬೇಕೆ?
— ಓದುಗರೊಬ್ಬರು, ಶಿರಾ

ಉತ್ತರ: ಪ್ರಮಾಣಕ್ಕಿಂತ ಮೊದಲು ಕೊಡುವ ಹೊತ್ತನ್ನೂ ರೂಪವನ್ನೂ ಬದಲಿಸಿ ನೋಡಿ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಕೋಳಿಗೆ ದಿನಕ್ಕೆ 4 ಗ್ರಾಂ ಆಸುಪಾಸು ಬೇಕಾಗುತ್ತದೆ. ಚಿಪ್ಪು ಕಟ್ಟಿಕೊಳ್ಳಲು ಸುಮಾರು 20 ಗಂಟೆ ಹಿಡಿಯುತ್ತದೆ ಮತ್ತು ಆ ಕೆಲಸದ ಹೆಚ್ಚಿನ ಪಾಲು ನಡೆಯುವುದು ಕೋಳಿ ಏನನ್ನೂ ತಿನ್ನದೆ ಕೂತಿರುವ ರಾತ್ರಿಯಲ್ಲಿ. ಬೆಳಿಗ್ಗೆ ಕುಡಿದ ದ್ರಾವಣ ಅಷ್ಟು ಹೊತ್ತಿಗೆ ಕರುಳು ದಾಟಿರುತ್ತದೆ. ಸಾಲದ್ದನ್ನು ಕೋಳಿ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಅದರ ಬದಲು 2ರಿಂದ 4 ಮಿಲಿಮೀಟರ್ ಗಾತ್ರದ ಕಪ್ಪೆಚಿಪ್ಪಿನ ಚೂರನ್ನೋ ಸುಣ್ಣಕಲ್ಲಿನ ಹರಳನ್ನೋ ಮಧ್ಯಾಹ್ನದ ನಂತರ ಬೇರೆ ತಟ್ಟೆಯಲ್ಲಿಟ್ಟರೆ, ಅದು ಕೋಳಿಯ ಕಲ್ಲುಹೊಟ್ಟೆಯಲ್ಲಿ ಉಳಿದು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಬೇಕಾದಷ್ಟನ್ನು ಅವೇ ಹೆಕ್ಕಿಕೊಳ್ಳುತ್ತವೆ. ಆದರೆ ಇನ್ನೂ ಮೊಟ್ಟೆಗೆ ಬಾರದ ಪಡ್ಡೆ ಕೋಳಿಗಳನ್ನು ಈ ಗುಂಪಿನಲ್ಲಿ ಬಿಡಬೇಡಿ. ಹೆಚ್ಚಾದ ಸುಣ್ಣ, ಅಂದರೆ ಕ್ಯಾಲ್ಸಿಯಂ, ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ.

ವಿಟಮಿನ್ ಡಿ3 ಇಲ್ಲದೆ ಕ್ಯಾಲ್ಸಿಯಂ ಹೀರಲ್ಪಡುವುದಿಲ್ಲ. ಕಾರ್ಖಾನೆಯ ಲೇಯರ್ (ಮೊಟ್ಟೆ ಕೋಳಿ) ಆಹಾರದಲ್ಲಿ ಅದು ಬೆರೆತಿರುತ್ತದೆ. ಮನೆಯಲ್ಲೇ ಮಿಶ್ರಣ ಮಾಡುವವರು ಅದನ್ನು ಮರೆಯಬಾರದು.

ಆದರೂ ಸುಣ್ಣವೊಂದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ಹೇಳಲಾರೆ. ವಯಸ್ಸಾದಂತೆ ಮೊಟ್ಟೆ ದೊಡ್ಡದಾಗುತ್ತದೆ, ಅದಕ್ಕೆ ತಕ್ಕಂತೆ ಚಿಪ್ಪಿನ ಸುಣ್ಣ ಹೆಚ್ಚುವುದಿಲ್ಲ. ಬಿಸಿಲಿಗೆ ಬಾಯಿ ತೆರೆದು ಏದುವ ಕೋಳಿ ಇಂಗಾಲದ ಡೈಆಕ್ಸೈಡನ್ನು ಅತಿಯಾಗಿ ಹೊರಹಾಕುವುದರಿಂದ ಚಿಪ್ಪಿಗೆ ಬೇಕಾದ ಕಾರ್ಬೊನೇಟಿಗೂ ಕೊರತೆಯಾಗುತ್ತದೆ. ಆದ್ದರಿಂದ ನೆರಳು, ತಣ್ಣೀರು, ತಂಪು ಹೊತ್ತಿನ ಮೇವು ಇವೂ ಔಷಧವೇ.

ಭಂಡಾರದ ಬಣ್ಣ ಬೇರೆಯೇ ವಿಷಯ. ಅಕ್ಕಿ ನುಚ್ಚು ತಿಂದ ಕೋಳಿಯ ಭಂಡಾರ ಬಿಳಿಚುತ್ತದೆ. ಹಳದಿ ಮುಸುಕಿನ ಜೋಳ, ನುಗ್ಗೆ ಸೊಪ್ಪು, ಒಣಗಿಸಿದ ಚೆಂಡುಹೂವಿನ ಎಸಳು ಬಣ್ಣ ತರುತ್ತವೆ. ಗಾಢ ಬಣ್ಣವೆಂದರೆ ಹೆಚ್ಚು ಪ್ರೋಟೀನ್ ಎಂಬ ಗಿರಾಕಿಗಳ ನಂಬಿಕೆಗೆ ಆಧಾರವಿಲ್ಲ, ಆದರೆ ಮಾರುವವರು ಅದನ್ನು ಕಡೆಗಣಿಸಲೂ ಆಗದು.

ಚಿಪ್ಪು ಸುಕ್ಕುಗಟ್ಟಿ, ಬಿಳಿ ಲೋಳೆ ನೀರಿನಂತಾಗಿದ್ದರೆ ಮಾತ್ರ ಮೇವನ್ನು ಬದಲಿಸುತ್ತಾ ಕಾಯಬೇಡಿ. ಅದು ಸಾಂಕ್ರಾಮಿಕ ಬ್ರಾಂಕೈಟಿಸ್ ಎಂಬ ಕೋಳಿಗಳ ಉಸಿರಾಟದ ರೋಗ ಇರಬಹುದು, ಪಶುವೈದ್ಯರಿಗೆ ತೋರಿಸಿ.