ಜಾನ್ ಗ್ಲ್ಯಾಡ್‌ಸ್ಟನ್: ಗುಲಾಮರ ಒಡೆಯ, ಪ್ರಧಾನಿಯ ತಂದೆ

ಪ್ರಶ್ನೆ: ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್ ಅವರ ತಂದೆಗೆ ಕೆರಿಬಿಯನ್ನಿನಲ್ಲಿ ನೂರಾರು ಗುಲಾಮರಿದ್ದರು ಎಂಬುದು ನಿಜವೇ? ಅದರಲ್ಲಿ ಕುಟುಂಬದ ಪಾತ್ರವೇನು?

ಉತ್ತರ: ನಿಜ, ಆದರೆ ನೂರಾರಲ್ಲ, ಸಾವಿರಾರು. 1764ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಧಾನ್ಯ ವ್ಯಾಪಾರಿಯ ಮಗನಾಗಿ ಹುಟ್ಟಿದ ಜಾನ್, ಲಿವರ್‌ಪೂಲ್‌ನಲ್ಲಿ ವ್ಯಾಪಾರದಿಂದ ಹಣ ಗಳಿಸಿ, ಇಂದಿನ ಗಯಾನಾಕ್ಕೆ ಸೇರಿದ ಡೆಮೆರಾರಾ ಮತ್ತು ಜಮೈಕಾಗಳಲ್ಲಿ ತೋಟಗಳ ಒಡೆಯನಾದ. ಆ ತೋಟಗಳಿಗೆ ಆತ ಒಮ್ಮೆಯೂ ಕಾಲಿಡಲಿಲ್ಲ; ಪರಿಶೀಲನೆಗೆಂದು 1828ರಲ್ಲಿ ಮಗ ರಾಬರ್ಟ್‌ಸನ್‌ನನ್ನು ಕಳುಹಿಸಿದ.

1823ರ ಆಗಸ್ಟ್‌ನಲ್ಲಿ ಡೆಮೆರಾರಾದ ಗುಲಾಮರ ದಂಗೆ ಹೊತ್ತಿಕೊಂಡಿದ್ದೇ ಈತನ 'ಸಕ್ಸೆಸ್' ತೋಟದಲ್ಲಿ. ಮುಂದಾಳುಗಳಲ್ಲಿ ಒಬ್ಬನಾದ ಜ್ಯಾಕ್ ಅಲ್ಲಿ ಪೀಪಾಯಿ ಮಾಡುವವನು, ಅವನ ತಂದೆ ಕ್ವಾಮಿನಾ ಬಡಗಿ. ದಂಗೆಯನ್ನು ಅಡಗಿಸುವಾಗ ಕ್ವಾಮಿನಾನನ್ನು ಗುಂಡಿಟ್ಟು ಕೊಂದರು, ಜ್ಯಾಕ್‌ನನ್ನು ಸೇಂಟ್ ಲೂಸಿಯಾಕ್ಕೆ ಗಡೀಪಾರು ಮಾಡಿದರು. ಒಡೆಯನ ಮನೆತನದ ಹೆಸರನ್ನೇ ಹೊತ್ತು ಆತ ಚರಿತ್ರೆಯಲ್ಲಿ 'ಜ್ಯಾಕ್ ಗ್ಲ್ಯಾಡ್‌ಸ್ಟನ್' ಆಗಿ ಉಳಿದಿದ್ದಾನೆ.

ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ 1833ರ ಸಂಸತ್ ಚರ್ಚೆಯಲ್ಲಿ ಉತ್ತರವಿದೆ. ಜಾನ್‌ನ 'ಫ್ರೀಡನ್‌ಹೂಪ್' ತೋಟದಲ್ಲಿ ಗುಲಾಮರು ಹೆಚ್ಚಾಗಿ ಸಾಯುತ್ತಿದ್ದಾರೆಂದು ಸಂಸದ ಲಾರ್ಡ್ ಹೋವಿಕ್ ಆರೋಪಿಸಿದಾಗ, ಆಗಷ್ಟೇ ಸಂಸತ್ತಿಗೆ ಬಂದಿದ್ದ ಇಪ್ಪತ್ಮೂರರ ವಿಲಿಯಂ ಎದ್ದುನಿಂತು ತಂದೆಯ ತೋಟದ ಆಡಳಿತವನ್ನು ಸಮರ್ಥಿಸಿಕೊಂಡ. ತಂದೆಯ ಸಂಪತ್ತಿನಲ್ಲಿ ಬೆಳೆದ ಮಗ ಅದರ ವಕೀಲನೂ ಆದನೆಂದರೆ ಅತಿಶಯೋಕ್ತಿಯಲ್ಲ. ಗುಲಾಮಗಿರಿ ರದ್ದಾದಾಗ ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಒಡೆಯರಿಗೆ: ಜಾನ್‌ಗೆ 2,508 ಜನರ ಲೆಕ್ಕದಲ್ಲಿ 1,06,769 ಪೌಂಡ್ ದೊರೆಯಿತು.

ಭಾರತದ ನಂಟು ಆರಂಭವಾಗುವುದು ಇಲ್ಲಿಂದಲೇ. ಬಿಡುಗಡೆಯಾದವರ ಜಾಗಕ್ಕೆ ಕೂಲಿಗಳು ಬೇಕೆಂದು 1836ರ ಜನವರಿಯಲ್ಲಿ ಜಾನ್ ಕಲ್ಕತ್ತಾದ ಗಿಲ್ಯಾಂಡರ್ಸ್ ಅರ್ಬತ್‌ನಾಟ್ ಕಂಪನಿಗೆ ಪತ್ರ ಬರೆದ. ಉತ್ತರವಾಗಿ ಕಂಪನಿ 'ಧಾಂಗರ್' ಎಂಬ ಗುಡ್ಡಗಾಡು ಜನರನ್ನು ಶಿಫಾರಸು ಮಾಡುತ್ತಾ, ತಿನ್ನುವುದು, ಕುಡಿಯುವುದು, ಮಲಗುವುದರಾಚೆ ಅವರಿಗೆ ಯಾವ ಬೇಡಿಕೆಯೂ ಇಲ್ಲವೆಂದು ತಿಳಿಸಿತು. ಆಳುಗಳ ಬಗ್ಗೆ ಒಡೆಯರು ಯಾವ ಧಾಟಿಯಲ್ಲಿ ಪತ್ರ ಬರೆದುಕೊಳ್ಳುತ್ತಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. 1838ರ ಮೇ ತಿಂಗಳಲ್ಲಿ 'ವಿಟ್ಬಿ' ಮತ್ತು 'ಹೆಸ್ಪೆರಸ್' ಹಡಗುಗಳು ಒಪ್ಪಂದದ ಕೂಲಿಗಳನ್ನು ಡೆಮೆರಾರಾದಲ್ಲಿ ಇಳಿಸಿದವು. ಅವರಲ್ಲಿ ಕೆಲವರು ನೇರವಾಗಿ ಫ್ರೀಡನ್‌ಹೂಪ್ ತೋಟಕ್ಕೇ ಸೇರಿದರು. 1846ರಲ್ಲಿ ಜಾನ್‌ಗೆ ಬ್ಯಾರನೆಟ್ ಎಂಬ ವಂಶಪಾರಂಪರ್ಯ ಪದವಿ ದೊರೆಯಿತು, 1851ರಲ್ಲಿ ಆತ ಸ್ಕಾಟ್ಲೆಂಡಿನ ತನ್ನ ಫಾಸ್ಕ್ ಜಹಗೀರಿನಲ್ಲಿ ತೀರಿಕೊಂಡ.